ಮನಸ್ಸು ಬಾಡಿದಾಗ ಮಿದುಳಿನಲ್ಲಿ ಏನಾಗುತ್ತದೆ?

ದ್ವಿತೀಯ ಪಿಯುಸಿ ಓದುತ್ತಿರುವ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದವನು, ಸಂಜೆಯಾದರೆ ಬ್ಯಾಟು ಹಿಡಿದು ಮೈದಾನಕ್ಕೆ ಓಡುತ್ತಿದ್ದವನು. ಈಗ ಎರಡು ತಿಂಗಳಿಂದ ಪುಸ್ತಕ ತೆರೆದಿಟ್ಟುಕೊಂಡು ಅದೇ ಪುಟ ನೋಡುತ್ತ ಕೂರುತ್ತಾನೆ. ಗೆಳೆಯರು ಕರೆದರೆ ‘ತಲೆನೋವು’ ಎನ್ನುತ್ತಾನೆ. ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ಏಳುವುದಿಲ್ಲ. ‘ಸೋಮಾರಿ ಆಗಿಬಿಟ್ಟಿದ್ದಾನೆ’ ಎನ್ನುತ್ತಾರೆ ಅಪ್ಪ. ‘ಯಾರ ದೃಷ್ಟಿ ತಾಗಿತೋ’ ಎನ್ನುತ್ತಾರೆ ಅಜ್ಜಿ. ‘ದೊಡ್ಡಪ್ಪನ ಮಗಳನ್ನು ನೋಡಿ ಕಲಿಯೋ’ ಎನ್ನುತ್ತಾರೆ ಅಮ್ಮ. ಹುಡುಗ ಮಾತ್ರ ಏನೂ ಹೇಳುವುದಿಲ್ಲ. ತನಗೆ ಏನಾಗಿದೆ ಎಂಬುದು ಅವನಿಗೂ ಗೊತ್ತಿಲ್ಲ.

ಎಲ್ಲ ಬೇಸರವೂ ಕಾಯಿಲೆಯಲ್ಲ. ಅಂಕ ಕಡಿಮೆಯಾದಾಗ, ಆಪ್ತರನ್ನು ಕಳೆದುಕೊಂಡಾಗ ದುಃಖವಾಗುವುದು ಸಹಜ. ಕೆಲವು ದಿನಗಳಲ್ಲಿ ಅದು ತಿಳಿಯಾಗುತ್ತ ಬರುತ್ತದೆ. ಆದರೆ ಮನಸ್ಸಿಗೆ ಕವಿದ ಮಂಕು ದಿನದ ಬಹುಪಾಲು ಹೊತ್ತು, ಎರಡು ವಾರಕ್ಕೂ ಮೀರಿ ಉಳಿದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲವಾದರೆ, ನಿದ್ದೆ, ಹಸಿವು, ಏಕಾಗ್ರತೆ ಕೆಟ್ಟರೆ ವೈದ್ಯರು ಅದನ್ನು ಖಿನ್ನತೆ ಎಂದು ಗುರುತಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಖಿನ್ನತೆಗೆ ಒಳಗಾದವರು. ಹಾಗಿದ್ದೂ ಅದನ್ನು ಕಾಯಿಲೆ ಎಂದು ಒಪ್ಪಿಕೊಳ್ಳಲು ಹಿಂಜರಿಕೆ ಹೋಗಿಲ್ಲ. ಜ್ವರ ಬಂದರೆ ಥರ್ಮಾಮೀಟರ್ ಇದೆ, ಮೂಳೆ ಮುರಿದರೆ ಎಕ್ಸ್‌ರೇ ಇದೆ. ಮನಸ್ಸು ಕುಸಿದರೆ ತೋರಿಸಲು ಏನಿದೆ?

ಹಾಗೆ ತೋರಿಸಬಲ್ಲ ಸರಳ ಪರೀಕ್ಷೆ ಇಂದಿಗೂ ಇಲ್ಲ, ನಿಜ. ಆದರೆ ಖಿನ್ನತೆಗೆ ಸಿಲುಕಿದ ಮಿದುಳಿನೊಳಗೆ ಏನು ನಡೆಯುತ್ತದೆ ಎಂಬ ಬಗ್ಗೆ ಕಳೆದ ಕೆಲವು ದಶಕಗಳಲ್ಲಿ ಬಹಳಷ್ಟು ತಿಳಿದುಬಂದಿದೆ. ಆ ತಿಳಿವಳಿಕೆಯಲ್ಲಿ ಎರಡು ಎಳೆಗಳು ಮುಖ್ಯ. ಒಂದು, ನರಕೋಶಗಳನ್ನು ಪೋಷಿಸುವ ಪ್ರೋಟೀನುಗಳದು. ಇನ್ನೊಂದು, ‘ಇದು ನನಗೆ ಬೇಕು’ ಎಂಬ ಆಸೆಯನ್ನು ಹುಟ್ಟಿಸುವ ನರಮಾರ್ಗದ್ದು. ಈ ಎರಡನ್ನೂ ತಿಳಿದವರಿಗೆ ‘ಸೋಮಾರಿ’ ಎಂಬ ಮಾತು ಎಷ್ಟು ತಪ್ಪು ಎಂಬುದು ತಾನಾಗಿಯೇ ಅರ್ಥವಾಗುತ್ತದೆ.

ಮಲಗುವ ಕೋಣೆಯ ಪ್ರಯೋಗಶಾಲೆ

ಮೊದಲ ಎಳೆ ಶುರುವಾಗುವುದು ಇಟಲಿಯ ಟ್ಯೂರಿನ್ ನಗರದಲ್ಲಿ. ಅಲ್ಲಿ 1909ರಲ್ಲಿ ಹುಟ್ಟಿದ ರೀಟಾ ಲೆವಿ-ಮೊಂಟಾಲ್ಚಿನಿ ವೈದ್ಯಕೀಯ ಓದಿ ನರಗಳ ಬಗ್ಗೆ ಸಂಶೋಧನೆಗೆ ತೊಡಗಿದ್ದರು. 1938ರಲ್ಲಿ ಮುಸೊಲಿನಿಯ ಸರ್ಕಾರ ಯಹೂದಿಗಳನ್ನು ವಿಶ್ವವಿದ್ಯಾನಿಲಯಗಳಿಂದ ಹೊರಗಟ್ಟುವ ಕಾನೂನು ತಂದಿತು. ಯಹೂದಿಯಾದ ರೀಟಾ ಕೆಲಸ ಕಳೆದುಕೊಂಡರು. ಆದರೆ ಆಕೆ ಕೈಕಟ್ಟಿ ಕೂರಲಿಲ್ಲ. ಮಲಗುವ ಕೋಣೆಯಲ್ಲೇ ಪುಟ್ಟ ಪ್ರಯೋಗಶಾಲೆ ಹೂಡಿ, ಹೊಲಿಗೆ ಸೂಜಿಗಳನ್ನು ಮಸೆದು ಶಸ್ತ್ರ ಮಾಡಿಕೊಂಡು, ಮೊಟ್ಟೆಯೊಳಗಿನ ಕೋಳಿ ಭ್ರೂಣದಲ್ಲಿ ನರಗಳು ಹೇಗೆ ಬೆಳೆಯುತ್ತವೆ, ಹೇಗೆ ಸಾಯುತ್ತವೆ ಎಂದು ನೋಡತೊಡಗಿದರು. ಬಾಂಬ್ ದಾಳಿಯಿಂದಾಗಿ ಕುಟುಂಬ ಹಳ್ಳಿಗೆ ಹೋದಾಗ ಪ್ರಯೋಗಶಾಲೆಯೂ ಅವರೊಡನೆ ಹಳ್ಳಿ ಸೇರಿತು.

ಯುದ್ಧ ಮುಗಿದ ಮೇಲೆ, 1947ರಲ್ಲಿ, ರೀಟಾ ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋದರು. ಅಲ್ಲಿ ಇಲಿಯ ಗಡ್ಡೆಯೊಂದರ ಚೂರನ್ನು ಕೋಳಿ ಭ್ರೂಣಕ್ಕೆ ಕಸಿ ಮಾಡಿದಾಗ ನರತಂತುಗಳು ಆ ಗಡ್ಡೆಯೊಳಕ್ಕೆ ನುಗ್ಗಿ ಬೆಳೆಯುವುದು ಕಂಡುಬಂತು. ಗಡ್ಡೆಯಿಂದ ಯಾವುದೋ ವಸ್ತು ಒಸರಿ ನರಗಳನ್ನು ಬೆಳೆಸುತ್ತಿರಬೇಕು ಎಂದು ಅವರು ಊಹಿಸಿದರು. ಜೀವರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಕೊಹೆನ್ ಜೊತೆಗೂಡಿ ಆ ವಸ್ತುವನ್ನು ಪತ್ತೆ ಮಾಡಿದರು. ಅದೇ ‘ನರ್ವ್ ಗ್ರೋತ್ ಫ್ಯಾಕ್ಟರ್’, ಅಂದರೆ ನರಗಳ ಬೆಳವಣಿಗೆಯ ಪೋಷಕ. ಬೆಳವಣಿಗೆ ಪೋಷಕಗಳ ಶೋಧಕ್ಕಾಗಿ ಇಬ್ಬರಿಗೂ 1986ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 2012ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ರೀಟಾ ಅವರಿಗೆ 103 ವರ್ಷ.

ಇದೇ ಬಗೆಯ ಇನ್ನೊಂದು ಪೋಷಕವನ್ನು 1982ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಈವ್ ಬಾರ್ಡ್ ಮತ್ತು ಹಾನ್ಸ್ ಥ್ಯೋನೆನ್ ತಂಡ ಹಂದಿಯ ಮಿದುಳಿನಿಂದ ಬೇರ್ಪಡಿಸಿತು. ಅದಕ್ಕೆ ‘ಬ್ರೈನ್ ಡಿರೈವ್ಡ್ ನ್ಯೂರೊಟ್ರೋಫಿಕ್ ಫ್ಯಾಕ್ಟರ್’ ಎಂದು ಉದ್ದನೆಯ ಹೆಸರು. ಚಿಕ್ಕದಾಗಿ ಬಿಡಿಎನ್‌ಎಫ್. ಮಿದುಳಿನ ನರಕೋಶಗಳು ಗಿಡದಂತೆ ಕವಲೊಡೆದು, ಒಂದು ಇನ್ನೊಂದರೊಡನೆ ಸಂಪರ್ಕ ಬೆಳೆಸಿಕೊಳ್ಳುತ್ತವೆ. ಹೊಸ ಪಾಠ ಕಲಿತಾಗ, ಹೊಸ ಹಾದಿ ನೆನಪಿಟ್ಟುಕೊಂಡಾಗ ಈ ಸಂಪರ್ಕಗಳು ಗಟ್ಟಿಯಾಗುತ್ತವೆ. ಆ ಕೆಲಸಕ್ಕೆ ಬೇಕಾದ ಮುಖ್ಯ ಪೋಷಕಗಳಲ್ಲಿ ಬಿಡಿಎನ್‌ಎಫ್ ಒಂದು. ಬೆಳೆದು ದೊಡ್ಡವರಾದ ಮೇಲೂ ಮಿದುಳು ಇದನ್ನು ತಯಾರಿಸುತ್ತಲೇ ಇರುತ್ತದೆ.

ಮಾತ್ರೆಯ ಒಗಟು

ಈ ಪೋಷಕಕ್ಕೂ ಖಿನ್ನತೆಗೂ ನಂಟು ಬೆಳೆದದ್ದು ಒಂದು ಒಗಟಿನ ಮೂಲಕ. ಖಿನ್ನತೆಯ ಮೊದಲ ಔಷಧಿಗಳು ಸಿಕ್ಕಿದ್ದು ಆಕಸ್ಮಿಕವಾಗಿ. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಐಪ್ರೋನಯಾಜಿಡ್ ಎಂಬ ಔಷಧಿ ಕೊಟ್ಟಾಗ, ಮಂಕಾಗಿ ಮಲಗಿದ್ದವರು ಗೆಲುವಾಗಿ ಎದ್ದು ಓಡಾಡತೊಡಗಿದರು. ಕೆಲವೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ರೋಲಂಡ್ ಕೂನ್ ಇಮಿಪ್ರಮೀನ್ ಎಂಬ ಇನ್ನೊಂದು ಔಷಧಿಯ ಗುಣವನ್ನು ಕಂಡುಕೊಂಡರು. ಇಂಥ ಔಷಧಿಗಳು ಮಿದುಳಿನಲ್ಲಿ ಸೆರೊಟೋನಿನ್, ನಾರ್‌ಅಡ್ರಿನಲಿನ್ ಮೊದಲಾದ ನರವಾಹಕಗಳನ್ನು ಹೆಚ್ಚಿಸುತ್ತವೆ ಎಂದು ಆಮೇಲೆ ತಿಳಿಯಿತು. ಹಾಗಾದರೆ ಆ ರಾಸಾಯನಿಕಗಳ ಕೊರತೆಯೇ ಖಿನ್ನತೆ ಎಂಬ ಸರಳ ವಿವರಣೆ ಹುಟ್ಟಿತು.

ಆದರೆ ಲೆಕ್ಕ ಸರಿಹೋಗಲಿಲ್ಲ. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ನರವಾಹಕಗಳ ಪ್ರಮಾಣ ಏರುತ್ತದೆ. ರೋಗಿಯ ಮನಸ್ಸು ಚೇತರಿಸಿಕೊಳ್ಳಲು ಮಾತ್ರ ವಾರಗಟ್ಟಲೆ ಬೇಕು. ಕೊರತೆ ತುಂಬಿದ ಮೇಲೂ ಇಷ್ಟು ತಡವೇಕೆ?

ಉತ್ತರದ ಸುಳಿವು ಹಿಪ್ಪೊಕ್ಯಾಂಪಸ್‌ನಲ್ಲಿ ದೊರೆಯಿತು. ಸಮುದ್ರಕುದುರೆಯ ಆಕಾರದ ಈ ಪುಟ್ಟ ಭಾಗ ನೆನಪಿನ ಮುಖ್ಯ ಕೇಂದ್ರ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದ ಬ್ರೂಸ್ ಮೆಕ್ಯೂಯೆನ್ ತಂಡ 1990ರ ದಶಕದ ಆರಂಭದಲ್ಲಿ, ಮೂರು ವಾರ ಒತ್ತಡಕ್ಕೆ ಸಿಲುಕಿದ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗುತ್ತವೆ ಎಂದು ತೋರಿಸಿತು. ಒತ್ತಡದಿಂದ ಅದೇ ಜಾಗದಲ್ಲಿ ಬಿಡಿಎನ್‌ಎಫ್ ಇಳಿಯುತ್ತದೆ ಎಂಬುದು 1995ರಲ್ಲಿ ಗೊತ್ತಾಯಿತು. ಅದೇ ವರ್ಷ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ರೊನಾಲ್ಡ್ ಡ್ಯೂಮನ್ ತಂಡ ಇನ್ನೊಂದು ಮುಖವನ್ನು ಕಂಡಿತು. ಖಿನ್ನತೆಯ ಔಷಧಿಯನ್ನು ಒಮ್ಮೆ ಕೊಟ್ಟರೆ ಸಾಲದು, ವಾರಗಳ ಕಾಲ ಕೊಟ್ಟಾಗ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಬಿಡಿಎನ್‌ಎಫ್ ತಯಾರಿಕೆ ಏರುತ್ತದೆ.

ಈಗ ತಡದ ಕಾರಣ ಊಹಿಸಬಹುದು. ತೊಟ್ಟಿಗೆ ನೀರು ತುಂಬಲು ಗಂಟೆ ಸಾಕು. ಆ ನೀರು ಕುಡಿದು ಗಿಡ ಚಿಗುರಲು ವಾರಗಳೇ ಬೇಕು. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ಈರೊ ಕಾಸ್ಟ್ರೇನ್ ತಂಡ 2021ರಲ್ಲಿ ಮತ್ತೂ ಒಂದು ಹೆಜ್ಜೆ ಮುಂದೆ ಹೋಗಿ, ಖಿನ್ನತೆಯ ಹಲವು ಔಷಧಿಗಳು ಬಿಡಿಎನ್‌ಎಫ್ ಬಂದು ಕೂರುವ ಗ್ರಾಹಕಕ್ಕೇ ನೇರವಾಗಿ ಅಂಟಿಕೊಳ್ಳುತ್ತವೆ ಎಂದು ವರದಿ ಮಾಡಿತು. ಎಂದರೆ, ಔಷಧಿ ಸಂತೋಷವನ್ನು ತಂದು ಸುರಿಯುವುದಿಲ್ಲ. ಬದಲಾಗುವ ಶಕ್ತಿಯನ್ನು ಮಿದುಳಿಗೆ ಮರಳಿ ಕೊಡುತ್ತದೆ ಎಂಬುದು ಈ ಸಂಶೋಧಕರ ನಿಲುವು.

ಸನ್ನೆ ಒತ್ತಿದ ಇಲಿ

ಇನ್ನು ಎರಡನೆಯ ಎಳೆ. 1953ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬ ಇಬ್ಬರು ತರುಣರು ಇಲಿಯ ಮಿದುಳಿಗೆ ಸಣ್ಣ ತಂತಿ ಇಳಿಸಿ ಪ್ರಯೋಗ ನಡೆಸುತ್ತಿದ್ದರು. ಒಂದು ಇಲಿಯಲ್ಲಿ ತಂತಿ ಗುರಿ ತಪ್ಪಿ ಬೇರೆ ಕಡೆ ಕೂತಿತ್ತು. ವಿಚಿತ್ರವೆಂದರೆ, ಮೇಜಿನ ಯಾವ ಮೂಲೆಯಲ್ಲಿ ಇದ್ದಾಗ ಅದಕ್ಕೆ ನವಿರಾದ ವಿದ್ಯುತ್ ಸ್ಪರ್ಶ ಸಿಕ್ಕಿತ್ತೋ ಅದೇ ಮೂಲೆಗೆ ಇಲಿ ಮತ್ತೆ ಮತ್ತೆ ಬರತೊಡಗಿತು. ಮುಂದೆ ಇಲಿಗಳಿಗೆ ಒಂದು ಸನ್ನೆ ಕೊಟ್ಟು, ಒತ್ತಿದರೆ ತಮ್ಮ ಮಿದುಳಿಗೆ ತಾವೇ ವಿದ್ಯುತ್ ಹಾಯಿಸಿಕೊಳ್ಳುವ ಏರ್ಪಾಟು ಮಾಡಿದರು. ಇಲಿಗಳು ಗಂಟೆಗೆ ನೂರಾರು ಸಲ ಸನ್ನೆ ಒತ್ತಿದವು. 1954ರಲ್ಲಿ ಈ ವಿಷಯ ಪ್ರಕಟವಾದಾಗ, ಮಿದುಳಿನಲ್ಲಿ ‘ಬಹುಮಾನ’ವನ್ನು ಗುರುತಿಸುವ ನರಮಾರ್ಗವೇ ಇದೆ ಎಂಬುದು ಖಚಿತವಾಯಿತು.

ಈ ಮಾರ್ಗದ ಮುಖ್ಯ ನರಕೋಶಗಳು ಮಿದುಳಿನ ನಡುಭಾಗದಿಂದ ಹೊರಟು, ಮುಂಭಾಗದ ಆಳದಲ್ಲಿರುವ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಜಾಗಕ್ಕೆ ಡೋಪಮಿನ್ ಎಂಬ ನರವಾಹಕವನ್ನು ಒಯ್ಯುತ್ತವೆ. ಡೋಪಮಿನ್ ಎಂದರೆ ಸುಖದ ರಸ ಎಂದು ಬಹುಕಾಲ ನಂಬಲಾಗಿತ್ತು. ವಿಷಯ ಅಷ್ಟು ಸರಳವಲ್ಲ. ಸ್ವಿಟ್ಜರ್ಲೆಂಡಿನಲ್ಲಿ ವೋಲ್ಫ್ರಾಮ್ ಶುಲ್ಟ್ಸ್ 1990ರ ದಶಕದಲ್ಲಿ ಮಂಗಗಳ ಡೋಪಮಿನ್ ಕೋಶಗಳನ್ನು ಗಮನಿಸಿದರು. ದೀಪ ಹೊತ್ತಿದ ಮೇಲೆ ಹಣ್ಣಿನ ರಸ ಸಿಗುತ್ತದೆ ಎಂದು ಮಂಗ ಕಲಿತ ಮೇಲೆ, ರಸ ಬಾಯಿಗೆ ಬಿದ್ದಾಗ ಅಲ್ಲ, ದೀಪ ಹೊತ್ತಿದಾಗಲೇ ಆ ಕೋಶಗಳು ಮಿಡಿದವು. ದೀಪ ಹೊತ್ತಿಯೂ ರಸ ಬಾರದಿದ್ದರೆ ಮಿಡಿತ ಇಳಿಯಿತು. ಡೋಪಮಿನ್ ಕೋಶಗಳು ನಿರೀಕ್ಷೆಯ ಲೆಕ್ಕ ಇಡುತ್ತವೆ.

ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯದ ಕೆಂಟ್ ಬೆರಿಡ್ಜ್ ಕಂಡದ್ದು ಇನ್ನೂ ಕುತೂಹಲಕರ. ಡೋಪಮಿನ್ ಕೋಶಗಳನ್ನು ನಾಶ ಮಾಡಿದ ಇಲಿ ತಾನಾಗಿ ಆಹಾರದ ಬಳಿಗೆ ಹೋಗುವುದೇ ಇಲ್ಲ. ಆದರೆ ಸಕ್ಕರೆ ನೀರನ್ನು ಬಾಯಿಗೆ ಹಾಕಿದರೆ ಚಪ್ಪರಿಸಿ ಸವಿಯುತ್ತದೆ. ಸವಿಯುವುದು ಬೇರೆ, ಬಯಸುವುದು ಬೇರೆ. ಸವಿಯುವ ಶಕ್ತಿ ಉಳಿದಿದ್ದೂ ಬಯಸುವ ಶಕ್ತಿ ಇಲ್ಲವಾಗಬಹುದು.

ಮೇಲಿನ ಹುಡುಗನನ್ನು ಈಗ ಮತ್ತೊಮ್ಮೆ ನೆನೆಯಿರಿ. ಮನೆಗೆ ಬಂದ ಸೋದರಮಾವ ತಮಾಷೆ ಮಾಡಿದರೆ ಅವನು ನಗುತ್ತಾನೆ. ಮುಂದಿಟ್ಟ ಹೋಳಿಗೆಯನ್ನು ತಿನ್ನುತ್ತಾನೆ. ‘ನಗುವುದಕ್ಕೆ ಬರುತ್ತದೆ, ತಿನ್ನುವುದಕ್ಕೆ ಬರುತ್ತದೆ, ಓದುವುದಕ್ಕೆ ಮಾತ್ರ ಆಗುವುದಿಲ್ಲವೋ?’ ಎಂದು ಮನೆಯವರಿಗೆ ಸಿಟ್ಟು ಬರುತ್ತದೆ. ಅದು ನಾಟಕವಾಗಿರಬೇಕೆಂದಿಲ್ಲ. ಎದುರಿಗೆ ಬಂದದ್ದನ್ನು ಸವಿಯುವುದಕ್ಕೂ, ಎದ್ದು ಹೋಗಿ ಪಡೆಯುವುದಕ್ಕೂ ಮಿದುಳು ಬೇರೆ ಬೇರೆ ಏರ್ಪಾಟು ಹೊಂದಿದೆ. ಖಿನ್ನತೆಯಲ್ಲಿರುವ ವಯಸ್ಕರಲ್ಲೂ ಹದಿಹರೆಯದವರಲ್ಲೂ ಬಹುಮಾನದ ನಿರೀಕ್ಷೆಗೆ ಈ ಮಾರ್ಗದ ಸ್ಪಂದನ ಸರಾಸರಿಯಲ್ಲಿ ಮಂದವಾಗಿರುವುದನ್ನು ಮಿದುಳಿನ ಚಿತ್ರಣ ಅಧ್ಯಯನಗಳು ಕಂಡಿವೆ. ‘ಚೆನ್ನಾಗಿ ಓದಿದರೆ ಮುಂದೆ ಸುಖವಿದೆ’ ಎಂಬ ಬುದ್ಧಿಮಾತು ನಂಬಿಕೊಂಡಿರುವುದೇ ಈ ನಿರೀಕ್ಷೆಯನ್ನು.

ಗೊಬ್ಬರ ಕಳೆಗೂ ಬೀಳುತ್ತದೆ

ಹಾಗಾದರೆ ಮಿದುಳಿನ ತುಂಬ ಬಿಡಿಎನ್‌ಎಫ್ ಹೆಚ್ಚಿಸಿಬಿಟ್ಟರೆ ಖಿನ್ನತೆ ಹೋಗುತ್ತದೆಯೆ? ಇಲ್ಲಿಯೇ ಎರಡು ಎಳೆಗಳು ಹೆಣೆದುಕೊಳ್ಳುತ್ತವೆ, ತೊಡಕೂ ಆಗುತ್ತವೆ.

ಅಮೆರಿಕದ ಡಲ್ಲಾಸ್‌ನಲ್ಲಿ ಎರಿಕ್ ನೆಸ್ಲರ್ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪುಟ್ಟ ಇಲಿಯನ್ನು ಪ್ರತಿದಿನ ಕೆಲವು ನಿಮಿಷ ದೊಡ್ಡದೊಂದು ಜಗಳಗಂಟ ಇಲಿಯ ಗೂಡಿಗೆ ಬಿಡಲಾಯಿತು. ಹತ್ತು ದಿನ ಹೀಗೆ ಸೋತ ಮೇಲೆ ಪುಟ್ಟ ಇಲಿ ಯಾವ ಇಲಿಯ ಹತ್ತಿರವೂ ಸುಳಿಯದೆ ಮೂಲೆ ಸೇರಿತು. ವಾರಗಳು ಕಳೆದರೂ ಅದೇ ಸ್ಥಿತಿ. ಅದರ ಬಹುಮಾನ ಮಾರ್ಗದಲ್ಲಿ ಬಿಡಿಎನ್‌ಎಫ್ ಇಳಿದಿರಲಿಲ್ಲ, ಏರಿತ್ತು. ಆ ಮಾರ್ಗದಲ್ಲಿ ಬಿಡಿಎನ್‌ಎಫ್ ತಯಾರಾಗದಂತೆ ಮಾಡಿದ ಇಲಿಗಳು ಅಷ್ಟೇ ಸೋತರೂ ಮೂಲೆ ಸೇರಲಿಲ್ಲ. ಹಿಪ್ಪೊಕ್ಯಾಂಪಸ್‌ನಲ್ಲಿ ಚೇತರಿಕೆ ತರುವ ಪೋಷಕವೇ ಇಲ್ಲಿ ಸೋಲಿನ ಪಾಠವನ್ನು ಗಟ್ಟಿ ಮಾಡುತ್ತಿತ್ತು.

ಬೆಂಗಳೂರಿನಲ್ಲಿಯೂ ಇಂಥದೇ ಸಂಗತಿ ಬೆಳಕಿಗೆ ಬಂದಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. ದೀರ್ಘಕಾಲದ ಒತ್ತಡದಿಂದ ಇಲಿಯ ಹಿಪ್ಪೊಕ್ಯಾಂಪಸ್‌ನಲ್ಲಿ ಕವಲುಗಳು ಕುಗ್ಗಿದರೆ, ಭಯದ ಕೇಂದ್ರವಾದ ಅಮಿಗ್ಡಲದಲ್ಲಿ ಕವಲುಗಳು ಹೆಚ್ಚುತ್ತವೆ. ಅದೇ ಕೇಂದ್ರದ 2012ರ ಅಧ್ಯಯನದಲ್ಲಿ ಬಿಡಿಎನ್‌ಎಫ್ ಕೂಡ ಹಾಗೆಯೇ ನಡೆದುಕೊಂಡಿತು: ಹಿಪ್ಪೊಕ್ಯಾಂಪಸ್‌ನಲ್ಲಿ ಇಳಿಕೆ, ಅಮಿಗ್ಡಲದಲ್ಲಿ ಏರಿಕೆ. ಒತ್ತಡ ನಿಂತ ಮೇಲೆ ಮೊದಲನೆಯದು ಸರಿಹೋಯಿತು. ಎರಡನೆಯದು ಏರಿದಂತೆಯೇ ಉಳಿಯಿತು. ಕಲಿತ ಪಾಠ ಮರೆತು, ಭಯ ಮಾತ್ರ ನೆನಪಿನಲ್ಲಿ ಉಳಿದಂತೆ.

ಗೊಬ್ಬರ ಹಾಕಿದರೆ ಬೆಳೆಯೂ ಬೆಳೆಯುತ್ತದೆ, ಕಳೆಯೂ ಬೆಳೆಯುತ್ತದೆ. ಆದ್ದರಿಂದಲೇ ‘ಬಿಡಿಎನ್‌ಎಫ್ ಹೆಚ್ಚಿಸುವ ಪುಡಿ’, ‘ಮಿದುಳಿನ ಟಾನಿಕ್’ ಎಂಬ ಜಾಹೀರಾತುಗಳನ್ನು ನಂಬಬೇಕಿಲ್ಲ. ಚಿಕಿತ್ಸೆ ಪಡೆಯದ ರೋಗಿಗಳ ರಕ್ತದಲ್ಲಿ ಈ ಪೋಷಕ ಸರಾಸರಿಯಲ್ಲಿ ಕಡಿಮೆ ಇರುವುದು ನಿಜವಾದರೂ, ವ್ಯಕ್ತಿಯಿಂದ ವ್ಯಕ್ತಿಗೆ ಅದು ಎಷ್ಟು ಬದಲಾಗುತ್ತದೆಂದರೆ, ರಕ್ತ ಪರೀಕ್ಷೆಯಿಂದ ಖಿನ್ನತೆಯನ್ನು ಗುರುತಿಸಲಾಗದು.

ಸಂತೋಷವೂ ಮಿದುಳನ್ನು ಬೆಳೆಸೀತೆ?

ಕುಗ್ಗಿದ ಕವಲು ಮತ್ತೆ ಚಿಗುರುವುದೆ? ನಿಮ್ಹಾನ್ಸ್‌ನ ನ್ಯೂರೋಫಿಸಿಯಾಲಜಿ ವಿಭಾಗ ಓಲ್ಡ್ಸ್ ಮತ್ತು ಮಿಲ್ನರ್ ಅವರ ಸನ್ನೆಯನ್ನೇ ಬಳಸಿ ಈ ಪ್ರಶ್ನೆಗೆ ಉತ್ತರ ಹುಡುಕಿತು. ಬಿ.ಎಸ್. ಶಂಕರನಾರಾಯಣ ರಾವ್, ಟಿ.ಆರ್. ರಾಜು ಮತ್ತು ಸಂಗಡಿಗರು, ಸನ್ನೆ ಒತ್ತಿ ಬಹುಮಾನದ ಅನುಭವ ಪಡೆಯುವ ಇಲಿಗಳ ನರಕೋಶಗಳಲ್ಲಿ ಸಂಪರ್ಕದ ಮುಳ್ಳುಗಳು ಹೆಚ್ಚುವುದನ್ನು 1990ರ ದಶಕದಲ್ಲಿ ತೋರಿಸಿದ್ದರು. 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲು ಒತ್ತಡಕ್ಕೆ ಸಿಲುಕಿಸಿದ ಇಲಿಗಳಿಗೆ ಆಮೇಲೆ ಈ ಅನುಭವ ದೊರಕಿಸಲಾಯಿತು. ಹಿಪ್ಪೊಕ್ಯಾಂಪಸ್‌ನಲ್ಲಿ ಕುಗ್ಗಿದ್ದ ಕವಲುಗಳು ಮರಳಿ ಬೆಳೆದವು. ದಾರಿ ನೆನಪಿಟ್ಟುಕೊಳ್ಳುವ ಪರೀಕ್ಷೆಯಲ್ಲೂ ಇಲಿಗಳು ಚೇತರಿಸಿಕೊಂಡವು.

ಇಲಿ ಮನುಷ್ಯನಲ್ಲ. ಆದರೆ ಬಹುಮಾನದ ಮಾರ್ಗವನ್ನು ಎಚ್ಚರಿಸಿ ಮನಸ್ಸನ್ನು ಮೇಲೆತ್ತುವ ಚಿಕಿತ್ಸೆ ಮನುಷ್ಯರಿಗೂ ಇದೆ, ಅದಕ್ಕೆ ತಂತಿ ಬೇಕಿಲ್ಲ. ‘ಉತ್ಸಾಹ ಬಂದ ಮೇಲೆ ಕೆಲಸ’ ಎಂದು ಕಾಯದೆ, ಸಣ್ಣ ಸಣ್ಣ ಚಟುವಟಿಕೆಗಳನ್ನು ದಿನಚರಿಯಲ್ಲಿ ಗೊತ್ತುಮಾಡಿ ನಡೆಸುವ ಕ್ರಮ ಅದು. ಪಕ್ಕದ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗತ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಪರೀಕ್ಷಿಸಿದರು. ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರೇ ಆರೆಂಟು ಭೇಟಿಗಳಲ್ಲಿ ಸಲಹೆ ಕೊಟ್ಟರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ತಿಂಗಳ ಹೊತ್ತಿಗೆ ಸಲಹೆ ಪಡೆದವರಲ್ಲಿ ಶೇಕಡ 64 ಮಂದಿ ಸುಧಾರಿಸಿದ್ದರು. ಪಡೆಯದವರಲ್ಲಿ ಸುಧಾರಿಸಿದ್ದು ಶೇಕಡ 39.

ನಡಿಗೆಗೂ ಇದರಲ್ಲಿ ಪಾಲಿದೆ. ಅಮೆರಿಕದಲ್ಲಿ 120 ಹಿರಿಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷವಿಡೀ ವಾರಕ್ಕೆ ಮೂರು ದಿನ ಬಿರುಸಾಗಿ ನಡೆದವರ ಹಿಪ್ಪೊಕ್ಯಾಂಪಸ್ ಸುಮಾರು ಶೇಕಡ 2ರಷ್ಟು ಹಿಗ್ಗಿತ್ತು. ಹೆಚ್ಚು ಹಿಗ್ಗಿದವರ ರಕ್ತದಲ್ಲಿ ಬಿಡಿಎನ್‌ಎಫ್ ಕೂಡ ಹೆಚ್ಚಿತ್ತು. ಅವರು ಖಿನ್ನತೆಯ ರೋಗಿಗಳಲ್ಲ, ವಯಸ್ಸಾದ ಆರೋಗ್ಯವಂತರು. ಆದರೂ ಆ ವಯಸ್ಸಿನಲ್ಲೂ ಮಿದುಳು ಬದಲಾಗಬಲ್ಲದು ಎಂಬುದು ಕಡಿಮೆ ಸಂಗತಿಯಲ್ಲ.

ಮನೆಯಲ್ಲಿ ಏನು ಮಾಡಬಹುದು?

ಈ ಪ್ರಯೋಗಗಳು ಹೆತ್ತವರಿಗೆ ಹೇಳುವ ಮಾತು ಸರಳವಾಗಿದೆ. ಹೋಲಿಕೆ, ಹೀಯಾಳಿಕೆ, ‘ಮನಸ್ಸು ಗಟ್ಟಿ ಮಾಡಿಕೋ’ ಎಂಬ ಉಪದೇಶ ಖಿನ್ನತೆಯಲ್ಲಿರುವ ಮಗುವಿಗೆ ಇನ್ನೊಂದು ಸೋಲಾಗಿಯೇ ಮುಟ್ಟುತ್ತದೆ. ಬಯಸುವ ಶಕ್ತಿ ಕುಂದಿದವರ ಮುಂದೆ ವರ್ಷದಾಚೆಯ ರ್‍ಯಾಂಕು, ಸೀಟು ಇಡುವುದರಿಂದ ಉಪಯೋಗವಿಲ್ಲ. ಇಂದೇ ಮುಟ್ಟಬಹುದಾದ ಚಿಕ್ಕ ಗುರಿ ಬೇಕು. ಸ್ನಾನ ಮಾಡಿ ಅಂಗಡಿವರೆಗೆ ಜೊತೆಯಲ್ಲಿ ನಡೆದು ಬರುವುದು, ಒಂದೇ ಒಂದು ಲೆಕ್ಕ ಬಿಡಿಸುವುದು, ಒಬ್ಬ ಗೆಳೆಯನೊಡನೆ ಹತ್ತು ನಿಮಿಷ ಮಾತಾಡುವುದು. ಮಾಡಿದಾಗ ಮೆಚ್ಚುವುದು, ಮಾಡದಿದ್ದಾಗ ಸುಮ್ಮನಿರುವುದು. ವೇಳೆಗೆ ಸರಿಯಾಗಿ ನಿದ್ದೆ, ಊಟ.

ಇವು ಚಿಕಿತ್ಸೆಗೆ ಬದಲಿಯಲ್ಲ. ಎರಡು ವಾರ ಕಳೆದರೂ ಮಂಕು ಸರಿಯದಿದ್ದರೆ ಮನೋವೈದ್ಯರನ್ನೋ ಆಪ್ತ ಸಲಹೆಗಾರರನ್ನೋ ಕಾಣಬೇಕು. ಮಾತ್ರೆ ಕೊಟ್ಟರೆ ಗುಣ ಕಾಣಲು ವಾರಗಳು ಬೇಕು ಎಂಬುದು ಈಗ ಗೊತ್ತಿದೆ. ‘ಎಂಟು ದಿನವಾಯಿತು, ಏನೂ ಆಗಲಿಲ್ಲ’ ಎಂದು ನಿಲ್ಲಿಸಬಾರದು. ಗುಣವಾದೊಡನೆ ತಾವಾಗಿಯೇ ಬಿಡಲೂಬಾರದು. ಹದಿಹರೆಯದವರಿಗೆ ಔಷಧಿ ಆರಂಭಿಸಿದಾಗ ಮೊದಲ ವಾರಗಳಲ್ಲಿ ವೈದ್ಯರ ಮತ್ತು ಮನೆಯವರ ನಿಗಾ ಹೆಚ್ಚಿರಬೇಕು. ಔಷಧಿ ಮಣ್ಣನ್ನು ಹದ ಮಾಡಬಹುದು. ಅದರಲ್ಲಿ ಏನು ಬೆಳೆಯುತ್ತದೆ ಎಂಬುದಕ್ಕೆ ಸುತ್ತಲಿನ ಮಾತು, ಒಡನಾಟ, ಮನೆಯ ವಾತಾವರಣವೂ ಕಾರಣ. ಹಾಗಾಗಿ ಔಷಧಿ, ಆಪ್ತ ಸಲಹೆ, ಮನೆಯವರ ಸಹನೆ ಒಂದಕ್ಕೊಂದು ಪೂರಕ.

‘ಬದುಕೇ ಬೇಡ’ ಎಂಬ ಮಾತು ಮಕ್ಕಳ ಬಾಯಲ್ಲಿ ಬಂದರೆ ಅದನ್ನು ಬೆದರಿಕೆ ಎಂದು ತಳ್ಳಿಹಾಕದೆ, ಅವರನ್ನು ಒಂಟಿಯಾಗಿ ಬಿಡದೆ, ಅಂದೇ ಸಹಾಯ ಪಡೆಯಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲಿಯೇ ಮಾತಾಡಬಹುದು. ವಿದ್ಯಾರ್ಥಿಗಳು ತಾವೇ ಕರೆ ಮಾಡಬಹುದು, ಹೆತ್ತವರೂ ಮಾಡಬಹುದು.

ಅದೇ ಪುಟವನ್ನು ನೋಡುತ್ತ ಕೂತ ಹುಡುಗನಿಗೆ ಮನೆಯವರು ಕೇಳಬೇಕಾದದ್ದು ‘ಯಾಕೆ ಓದುತ್ತಿಲ್ಲ?’ ಎಂದಲ್ಲ. ‘ಎಷ್ಟು ದಿನದಿಂದ ಹೀಗಾಗುತ್ತಿದೆ, ಮಗೂ?’ ಎಂದು ಪಕ್ಕದಲ್ಲಿ ಕೂತು ಕೇಳಿದರೆ ಅವನು ಬಾಯಿ ಬಿಟ್ಟಾನು.